ಮೌನಿ ಅಣ್ಣನ ಪಾಳಿ

ಬನಹಟ್ಟಿಯ ಭರತೇಶನಿಗೆ ನಲವತ್ನಾಲ್ಕು ವರ್ಷ. ಮನೆಯ ಹಿಂದಿನ ಶೆಡ್ಡಿನಲ್ಲಿ ನಾಲ್ಕು ಪಾವರ್‌ಲೂಮು, ಮನೆಯೊಳಗೆ ಹೆಂಡತಿ ಹೀರಾ, ಆರನೇ ತರಗತಿಯಲ್ಲಿ ಓದುವ ಒಬ್ಬನೇ ಮಗ ಯಶ. ಇಂಥ ಸಂಭಾವಿತ ಮನುಷ್ಯ ದಿನಾ ಮಧ್ಯಾಹ್ನ ಎರಡರಿಂದ ಮೂರರವರೆಗೆ ಮೊಬೈಲಿನಲ್ಲಿ ಬಂದೂಕು ಹಿಡಿದು ಕಾಡುಮೇಡು ಅಲೆಯುತ್ತಾನೆ ಎಂಬುದು ಊರಿಗೆ ಗೊತ್ತಿರಲಿಲ್ಲ. ಮನೆಯವರಿಗೆ ಮಾತ್ರ ಗೊತ್ತಿತ್ತು, ಹೀರಾ ಅಣಕಿಸದೆ ಬಿಡುತ್ತಿರಲಿಲ್ಲ.

"ಇರುವಿ ತುಳಿಬಾರದಂತ ನೆಲಾ ನೋಡಿ ನಡಿಯೋ ಜೈನ ಮಂದಿ ನಾವು. ನೀವು ನೋಡಿದ್ರ ದಿನಾ ಹತ್ತು ಮಂದಿನ ಕೊಂದು ಬಂದು ಚಾ ಕೇಳ್ತೀರಿ."

"ಅವ್ರೇನ್ ಖರೇನ ಸಾಯ್ತಾರೇನ?" ಎಂದು ಭರತೇಶ ಚಹಾ ಕುಡಿಯುತ್ತಿದ್ದ.

ಆಟಕ್ಕೆ ನಾಲ್ವರ ತಂಡ ಬೇಕು. ಎರಡು ವರ್ಷದ ಹಿಂದೆ ಒಂದು ಮಧ್ಯಾಹ್ನ ಆಟವೇ ಎಲ್ಲಿಂದಲೋ ಮೂವರು ಅಪರಿಚಿತರನ್ನು ತಂದು ಅವನ ಜೊತೆ ನಿಲ್ಲಿಸಿತ್ತು. ವೈರಿ ಹಿಂದಿನಿಂದ ಬಂದಾಗ ಒಂದು ಹೆಣ್ಣು ದನಿ, "ಅಯ್ಯ ಶಿವನ, ಬೆನ್ನ ಹಿಂದ ಅದಾನ ನೋಡ್ರಿ!" ಎಂದು ಕಿರುಚಿತು. ಇನ್ನಿಬ್ಬರು ಓಡುವುದನ್ನು ಬಿಟ್ಟು "ಯಾವೂರ್ರೀ ಅಕ್ಕಾರ?" ಎಂದು ಕೇಳುತ್ತ ನಿಂತರು. ಅಷ್ಟರಲ್ಲಿ ನಾಲ್ವರೂ ಸತ್ತರು. ಸತ್ತ ಮೇಲೆ ಪರಿಚಯವಾಯಿತು. ಕಿರುಚಿದವಳು ಜಮಖಂಡಿಯ ಕಾಂಚನಾ, ಬ್ಲೌಸು ಹೊಲಿಯುತ್ತಾಳೆ, ಸೀರೆಗೆ ಫಾಲು ಹಚ್ಚುತ್ತಾಳೆ. ವೀರೇಶ ಮುಧೋಳದಲ್ಲಿ ಟ್ರ್ಯಾಕ್ಟರ್ ರಿಪೇರಿ ಮಾಡುವವ. ಶಶಿಕಾಂತ ಬೀಳಗಿ ಕಡೆಯ ಬಾಡಗಂಡಿಯವ, ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ಗಾಡಿ ತೂಗುತ್ತಾನೆ. ಒಂದೆರಡು ತಾಸಿನ ದಾರಿಯೊಳಗಿನ ಮಂದಿ ಯಾವುದೋ ದೇಶದವರು ಮಾಡಿದ ಕಾಡಿನಲ್ಲಿ ಹೀಗೆ ಭೆಟ್ಟಿಯಾದದ್ದಕ್ಕೆ ಅವರಿಗೆ ಬಹಳ ಖುಷಿಯಾಯಿತು.

ಭರತೇಶ ಮಾತ್ರ ಮೈಕು ಹಾಕಲಿಲ್ಲ. ಹಾಕಿದರೆ ನಾಲ್ಕು ಲೂಮಿನ ಖಡಖಡ ಮೂವರ ಕಿವಿಗೆ ಬಡಿಯುತ್ತಿತ್ತು. ಅದನ್ನಾದರೂ ಹೇಳಬಹುದಿತ್ತು. ಆದರೆ ಈ ಆಟದ ಸುದ್ದಿ ನೂಲಿನ ವ್ಯಾಪಾರಿಗಳ ಕಿವಿಗೆ ಬಿದ್ದರೆ ಏನು ಗತಿ ಎಂಬ ಅಂಜಿಕೆ. ಹಾಗಾಗಿ ಬನಹಟ್ಟಿ ಎನ್ನದೆ, ಹಿರಿಯರ ಊರು ಹಿಡಿದು "ತೇರದಾಳದ ಕಡೆಯವ" ಎಂದಷ್ಟೇ ಬರೆದು ಕಳಿಸಿದ. ಆವತ್ತಿನಿಂದ ಅವರು ಮಾತಾಡುವುದು, ಇವನು ಬರೆಯುವುದು. ಬರೆಯುವುದಾದರೂ ಎಂಥದ್ದು? ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ. ಒತ್ತಕ್ಷರಕ್ಕೆ ಎರಡು ಸಲ ಒತ್ತಬೇಕಾದಲ್ಲಿ ಒಂದೇ ಸಲ ಒತ್ತಿ ಮುಂದೆ ಹೋಗುವ ಅವಸರದ ಹೆಬ್ಬೆರಳು ಅವನದು. 'ಅಕ್ಕ' ಎಂಬುದು 'ಅಕ' ಆಗುತ್ತಿತ್ತು, 'ಅಣ್ಣ' ಎಂಬುದು 'ಅಣ' ಆಗುತ್ತಿತ್ತು. ಮೂವರೂ ನಕ್ಕು, ಅವನಿಗೆ ಮೌನಿ ಅಣ್ಣ ಎಂದು ಹೆಸರಿಟ್ಟರು.

ಒಮ್ಮೆ ಶಶಿಕಾಂತ ಎಂಟು ದಿನ ಆಟಕ್ಕೆ ಬರಲಿಲ್ಲ. ಫೋನೂ ಬಂದ್ ಆಗಿತ್ತು. ಒಂಬತ್ತನೇ ದಿನ ಬಂದು, ಡೆಂಗಿ ಆಗಿತ್ತು ಎಂದ. ಕಾಂಚನಾ ಅವನನ್ನು ಬಾಯಿ ತುಂಬ ಬೈದಳು. "ನೀ ಸತ್ತಿದ್ರ ಯಾರ ಮನಿ ಬಾಗಲಾ ಬಡೀಬೇಕಿತ್ತಪಾ ನಾವು? ದಿನಾ ಕೂಡಿ ಸಾಯ್ತೇವಿ, ಒಬ್ಬರ ಬದುಕ ಒಬ್ಬರಿಗೆ ಗೊತ್ತಿಲ್ಲ." ಆವತ್ತೇ ಕರಾರಾಯಿತು. ಪ್ರತಿ ರವಿವಾರ ಆಟಕ್ಕೆ ಮೊದಲು ಒಬ್ಬೊಬ್ಬರು ತಮ್ಮ ಜೀವನದ ಕಥೆ ಹೇಳಬೇಕು. ಸುಳ್ಳು ಹೇಳಬಾರದು, ನಡುವೆ ಬಾಯಿ ಹಾಕಬಾರದು. ಕಾರ್ಖಾನೆಯವನಾದ ಶಶಿಕಾಂತ ಅದಕ್ಕೆ ಪಾಳಿ ಎಂದು ಹೆಸರು ಕೊಟ್ಟ.

ಮೊದಲ ಪಾಳಿ ವೀರೇಶನದು. ಅಪ್ಪ ಅವನನ್ನು ಪೈಲ್ವಾನನನ್ನಾಗಿ ಮಾಡಬೇಕೆಂದಿದ್ದ. ಅಖಾಡದಲ್ಲಿ ಭುಜ ಜಾರಿ ಕುಸ್ತಿ ಬಿಟ್ಟ ದಿನದಿಂದ, ಹನ್ನೊಂದು ವರ್ಷವಾಯಿತು, ಅಪ್ಪ ಒಂದೇ ಮನೆಯಲ್ಲಿದ್ದೂ ಅವನ ಜೊತೆ ಮಾತಾಡಿಲ್ಲ. ಅವ್ವನ ಕಡೆ ನೋಡಿ "ಅಂವಗ ಹೇಳು" ಎನ್ನುತ್ತಾನೆ. ಎರಡನೆಯದು ಶಶಿಕಾಂತನದು, ಹತ್ತನೇ ತರಗತಿಯ ಪರೀಕ್ಷೆಗೆ ಆರು ಸಲ ಕೂತ ಕಥೆ. ಕಾಂಚನಾ ತನ್ನ ಪಾಳಿಗೆ, ಮದುಮಗಳ ಬ್ಲೌಸಿಗೆ ಎರಡೂ ಎಡತೋಳನ್ನೇ ಹಚ್ಚಿಕೊಟ್ಟ ಪ್ರಸಂಗ ಹೇಳಿ ಎಲ್ಲರ ಹೊಟ್ಟೆ ಹುಣ್ಣಾಗುವಂತೆ ನಗಿಸಿದಳು. ಇದರಲ್ಲಿ ಜೀವನದ ಕಥೆ ಎಲ್ಲಿದೆ ಎಂದು ಯಾರೂ ಕೇಳಲಿಲ್ಲ.

ನಾಲ್ಕನೆಯ ಪಾಳಿ ಭರತೇಶನದು. ಎರಡು ರವಿವಾರ ನೆಪ ಹೇಳಿ ತಪ್ಪಿಸಿಕೊಂಡ. ಮೂರನೆಯದಕ್ಕೆ ವೀರೇಶ ಬಿಡಲಿಲ್ಲ. "ಅಣ್ಣಾರ, ಬರದರ ಬರೀರಿ. ನಾವು ಓದಾಕ ಕುಂತೇವಿ."

ಭರತೇಶನ ಎದೆಯಲ್ಲಿ ಒಂದು ಮಾತು ಒಂದು ವರ್ಷದಿಂದ ಕೂತಿತ್ತು. ಜೈನರಲ್ಲಿ ವ್ಯಾಪಾರಕ್ಕೆ ಕೂತವರು ಬಹಳ, ಮಗ್ಗಕ್ಕೆ ಕೂತವರು ಕಡಿಮೆ. ಅವನ ಅಪ್ಪ ಕೂತಿದ್ದ. ಪಡಸಾಲೆಯ ಪಕ್ಕದ ಕೋಣೆಯಲ್ಲಿ ನೆಲ ಅಗೆದು, ಆ ಕುಣಿಯಲ್ಲಿ ಕಾಲು ಇಳಿಬಿಟ್ಟು ನೇಯುವ ಕುಣಿಮಗ್ಗ. ಐವತ್ತು ವರ್ಷ ಅಪ್ಪ ಅದರಲ್ಲಿ ಸೀರೆ ನೇಯ್ದ. ಅವನು ತೀರಿಕೊಂಡ ಮೇಲೆ ಧರೆಪ್ಪ ಎಂಬ ಮುದುಕ ನೇಕಾರ ಕೂರುತ್ತಿದ್ದ. ಅವನಿಗೂ ಕಣ್ಣು ಸಾಲದಾಯಿತು. ಹೋದ ವರ್ಷ ಭರತೇಶ ಮಗ್ಗ ಬಿಚ್ಚಿಸಿ, ಕುಣಿಗೆ ಮಣ್ಣು ತುಂಬಿಸಿ, ಫರಸಿಕಲ್ಲು ಹಾಕಿಸಿದ. ಕೋಣೆ ದೊಡ್ಡದಾಯಿತು. ಯಶನ ಓದುವ ಮೇಜು ಅಲ್ಲಿಗೆ ಬಂತು. ಎಲ್ಲರೂ ಛಲೋ ಆಯಿತು ಎಂದರು. ಆದರೆ ಭರತೇಶ ಆ ಕೋಣೆಗೆ ಹೋದರೆ ಗೋಡೆ ಹಿಡಿದೇ ನಡೆಯುತ್ತಿದ್ದ. ಒಂದು ಮಗ್ಗಕ್ಕೆ ಗಂಡಸು ಅಳುವುದೇ ಎಂದು ಯಾರ ಮುಂದೆಯೂ ಬಾಯಿ ಬಿಟ್ಟಿರಲಿಲ್ಲ.

ಮುಖ ಕಾಣದ ಮಂದಿಯ ಮುಂದೆ ಹೇಳುವುದು ಸುಲಭ ಅನಿಸಿತು. ತನಗೆ ಗೊತ್ತಿದ್ದದ್ದು ಅವರಿಗೂ ಗೊತ್ತಿದೆ ಎಂಬಂತೆ, ಎಲ್ಲೂ ನಿಲ್ಲದೆ ಬರೆದ. ಹೆಬ್ಬೆರಳು ತನ್ನ ಚಾಳಿಯಂತೆ ಒಂದು ಅಕ್ಷರ ನುಂಗಿತು. ಆ ಮೂವರು ಓದಿದ್ದು ಹೀಗೆ:

"ಹ್ವಾದ ವರ್ಷ ಮಗ ಹೋತು. ಅಪ್ಪ ಹ್ವಾದ ಮ್ಯಾಲ ಮನಿಗೆ ಜೀವಾ ಅಂದ್ರ ಅದ ಒಂದ ಇತ್ತು. ಅದರ ಸಪ್ಪಳಾ ಕೇಳಿ ಬೆಳಗಾಗತಿತ್ತು. ನಾನ ನಿಂತು ಕುಣಿ ಮುಚ್ಚಿಸಿದೆ. ಮ್ಯಾಲ ಫರಸಿ ಹಾಕಿಸಿದೆ. ಇವತ್ತಿಗೂ ಆ ಫರಸಿ ಮ್ಯಾಲ ಕಾಲ ಇಡಾಕ ಆಗಾಂಗಿಲ್ಲ. ಯಾರ ಮುಂದೂ ಅತ್ತಿಲ್ಲ."

ಕಳಿಸಿದ. ಎದೆ ಹಗುರಾಯಿತು. ಒಂದು ನಿಮಿಷದ ಮೇಲೆ ವೀರೇಶನ ದನಿ ಬಂತು. "ಅಣ್ಣಾರ... ಎಷ್ಟ್ ವರ್ಷದಂವ ಇದ್ದಾರಿ?"

ಭರತೇಶ "ಐವತ್" ಎಂದು ಒತ್ತಿದವನು ನಿಲ್ಲಿಸಿ, ತಾನು ಕಳಿಸಿದ್ದನ್ನು ಮತ್ತೊಮ್ಮೆ ಓದಿದ. ಮಗ್ಗ ಎಂಬಲ್ಲಿ ಮಗ ಎಂದಿತ್ತು. 'ಹ್ವಾದ' ಎನ್ನದೆ 'ಹೋತು' ಎಂದದ್ದೂ ಅವನ ಕೈ ಹಿಡಿಯಲಿಲ್ಲ. ಸಣ್ಣ ಕೂಸನ್ನು ಹಾಗೇ ಅಲ್ಲವೇ ನಮ್ಮ ಮಂದಿ ಅನ್ನುವುದು? ಕುಣಿ ಅಂದರೆ ಹೆಣದ ಕುಣಿಯೂ ಹೌದು. ಬರೆದವನೇ ಎರಡನೆಯ ಸಲ ಓದಿದಾಗ ಅಲ್ಲಿ ಮಗ್ಗ ಕಾಣಲಿಲ್ಲ, ಒಂದು ಹಸುಗೂಸೇ ಕಂಡಿತು.

ಗಡಿಬಿಡಿಯಲ್ಲಿ "ಮಗ ಅಲ್ಲ, ಮಗ" ಎಂದು ಒತ್ತಿದ. ಛೇ ಎಂದು ಅಳಿಸಿ, ಇನ್ನೊಂದು ಅಕ್ಷರ ಸೇರಿಸಿ, ಕಳಿಸಬೇಕು ಎನ್ನುವಷ್ಟರಲ್ಲಿ ಕಾಂಚನಾಳ ಮೈಕು ತೆರೆಯಿತು.

"ಅಣ್ಣಾರ, ಅವತ್ತ ನಾ ತೋಳಿನ ಕಥಿ ಹೇಳಿ ನಗಿಸಿದ್ನಿ. ಅದು ನನ್ನ ಕಥಿ ಅಲ್ರಿ. ನನಗೂ ಒಬ್ಬ ಮಗಳಿದ್ಲು. ಎರಡನೇತ್ತಾ ಕಲೀತಿದ್ಲು. ಮೂರ ದಿನದ ಜ್ವರಾ, ಅಷ್ಟ. ನಾಕ ವರ್ಷಾತು. ನಮ್ಮ ಮನ್ಯಾಗ ಆಕಿ ಮಾತ ತಗಿಯಾಂಗಿಲ್ರಿ. ತಗದ್ರ ಇನ್ನೊಂದ ಕೂಸ ನಿಲ್ಲಾಂಗಿಲ್ಲಂತಾರ ನಮ್ಮತ್ತಿ. ಆಕಿ ಅಂಗಿ, ಪಾಟಿ, ಎಲ್ಲಾ ಯಾರಿಗೋ ಕೊಟ್ಟಬಿಟ್ರು. ನೀವು ಫರಸಿ ಮ್ಯಾಲ ಕಾಲ ಇಡಾಕ ಆಗಾಂಗಿಲ್ಲಂದ್ರಲ್ಲ... ನಾನೂ ಆಕಿನ್ನ ಮಣ್ಣ ಮಾಡಿದ ಹೊಲದ ದಾರಿ ಹಿಡಿಯಾಂಗಿಲ್ರಿ. ನಾಕ ವರ್ಷದಾಗ ಇವತ್ತ ಬಾಯಿ ಬಿಟ್ನಿ. ನೀವು ಹೇಳಿದ್ರಂತ ನನಗೂ ಧೈರ್ಯಾ ಬಂತು."

ಅವಳು ಅತ್ತಳು. ನಡುವೆ ಬಾಯಿ ಹಾಕಬಾರದೆಂಬ ಕರಾರಿನಂತೆ ಯಾರೂ ಬಾಯಿ ಹಾಕಲಿಲ್ಲ. ಭರತೇಶ ತಾನು ಬರೆದ ಸಾಲನ್ನು ಒಂದೊಂದೇ ಅಕ್ಷರವಾಗಿ ಅಳಿಸಿದ. ಈಗ ಇದನ್ನು ಕಳಿಸಿದರೆ, ಒಬ್ಬ ತಾಯಿ ತನ್ನ ಮಗಳನ್ನು ಒಂದು ಕಟ್ಟಿಗೆಯ ಮಗ್ಗದ ಪಕ್ಕ ತಂದು ಮಲಗಿಸಿದ ಹಾಗಾಗುತ್ತದೆ ಅನಿಸಿತು. ನಾಳೆ ಹೇಳಿದರಾಯಿತು ಎಂದುಕೊಂಡ.

ನಾಳೆ ಎಂಬುದು ಎಷ್ಟು ಸುಲಭವಾಗಿ ವಾರವಾಗುತ್ತದೆ ಎಂಬುದು ಸುಳ್ಳು ಹೇಳಿದವರಿಗೆಲ್ಲ ಗೊತ್ತು. ಇವನು ಹೇಳಿದ್ದು ಸುಳ್ಳಲ್ಲ, ಆದರೂ ಅದು ಸುಳ್ಳಿನ ಹಾಗೆಯೇ ದಿನದಿಂದ ದಿನಕ್ಕೆ ಬಲಿಯಿತು. ಮೂವರೂ ಅವನನ್ನು ಆಟದಲ್ಲಿ ಮುಂದೆ ಬಿಡದಾದರು. ಗುಂಡು ತಗುಲಿ ಬಿದ್ದರೆ ಮೂವರೂ ಓಡಿಬಂದು ಎಬ್ಬಿಸುತ್ತಿದ್ದರು. ವೀರೇಶ ಆ ರವಿವಾರ ಸಂಜೆ ಮನೆಗೆ ಹೋಗಿ ಹನ್ನೊಂದು ವರ್ಷದಲ್ಲಿ ಮೊದಲ ಸಲ ಅಪ್ಪನ ಎದುರು ಕೂತು ಉಂಡನಂತೆ. "ನಿಮ್ಮ ಕಥಿ ಕೇಳಿದ ಮ್ಯಾಲ ತಡಕೊಳ್ಳಾಕ ಆಗಲಿಲ್ರಿ" ಎಂದ. ಭರತೇಶ ಮೊಬೈಲು ಕೆಳಗಿಟ್ಟ. ಒಳಗಿನ ಕೋಣೆಯಲ್ಲಿ ಯಶ ಮಗ್ಗಿ ಒದರುತ್ತಿದ್ದ. ಇಲ್ಲಿ ಮಗ್ಗಿ ಹೇಳುತ್ತಿರುವ ಹುಡುಗ ಅಲ್ಲಿ ಮೂವರ ಬಾಯಲ್ಲಿ ಸತ್ತುಹೋಗಿದ್ದ.

ಎಂಟನೇ ದಿನ ಹೀರಾಳಿಗೆ ಹೇಳಿಬಿಟ್ಟ. ಅವಳು ಮೊದಲು ನಕ್ಕಳು, ಆಮೇಲೆ ಮುಖ ಕಪ್ಪಿಟ್ಟಿತು. ಅಡಿಗೆಮನೆಗೆ ಹೋಗಿ, ಉಪ್ಪು ಮೆಣಸಿನಕಾಯಿ ಮುಷ್ಟಿಯಲ್ಲಿ ತಂದು, ಯಶನನ್ನು ನಿಲ್ಲಿಸಿ ದೃಷ್ಟಿ ತೆಗೆದಳು. "ಏನ್ ಮಮ್ಮಿ ಇದು, ನನಗೇನಾಗೇತಿ?" ಎಂದು ಹುಡುಗ ಕೊಸರಿಕೊಂಡ.

"ಇದ್ದೊಬ್ಬ ಮಗನ್ನ ಮಣ್ಣಾಗಿಟ್ಟ ಬಂದೀರಿ," ಎಂದಳು ಹೀರಾ ಗಂಡನಿಗೆ. "ಆ ಹೆಣ್ಮಗಳಿಗೆ ಖರೇ ಹೇಳ್ರಿ."

"ಹೇಳಿದ್ರ ಆಕಿ ತನ್ನ ಮಾರಿ ಎಲ್ಲಿ ಇಟ್ಕೋಬೇಕು? ನನ್ನ ನಂಬಿ ಬಾಯಿ ಬಿಟ್ಟಾಳ."

"ಹೇಳಲಿಲ್ಲಂದ್ರ ನಿಮ್ಮ ಮಾರಿ ಎಲ್ಲಿ ಇಡಾವ್ರು?"

ಅಷ್ಟರಲ್ಲಿ ದಶಲಕ್ಷಣ ಪರ್ವ ಬಂತು. ಹತ್ತು ದಿನ ಬಸದಿ, ಪೂಜೆ, ಒಪ್ಪೊತ್ತಿನ ಊಟ. ಆ ಹತ್ತು ದಿನ ಭರತೇಶ ಆಟದಲ್ಲಿಯೂ ಗುಂಡು ಹಾರಿಸುವುದಿಲ್ಲ, ಬಿದ್ದವರನ್ನು ಎಬ್ಬಿಸುವುದಷ್ಟೇ ಅವನ ಕೆಲಸ. ಅದು ತಂಡಕ್ಕೆ ಗೊತ್ತಿದ್ದ ನೇಮ. ಪರ್ವ ಮುಗಿದ ಮರುದಿನ ಕ್ಷಮಾವಾಣಿ. ತಿಳಿದೋ ತಿಳಿಯದೆಯೋ ಮಾಡಿದ ತಪ್ಪಿಗೆ ಎಲ್ಲರೂ ಎಲ್ಲರ ಹತ್ತಿರ ಕ್ಷಮೆ ಕೇಳುವ ದಿನ. ಅಪ್ಪನ ಕಾಲದಲ್ಲಿ ಮನೆಮನೆಗೆ ಹೋಗಿ ಕೈ ಮುಗಿಯುತ್ತಿದ್ದರು. ಈಗ ಹೂವಿನ ಚಿತ್ರದ ಕೆಳಗೆ ನಾಲ್ಕು ಸಾಲು ಬರೆದದ್ದು ಬರುತ್ತದೆ, ಅದನ್ನೇ ನೂರಾರು ಮಂದಿಗೆ ದಾಟಿಸುವುದು.

ಭರತೇಶ ಆ ಹೂವಿನ ಚಿತ್ರವನ್ನು ತಂಡಕ್ಕೂ ಕಳಿಸಿದ. ಇದರೊಳಗೆ ನನ್ನ ತಪ್ಪೂ ಬಂದು ಹೋಯಿತಲ್ಲ ಎಂದು ಒಂದು ಕ್ಷಣ ಮನಸ್ಸಿಗೆ ಸಮಾಧಾನ ಹೇಳಿಕೊಂಡ. ವೀರೇಶ, ಶಶಿಕಾಂತ ಕೈ ಮುಗಿದ ಚಿತ್ರ ಕಳಿಸಿದರು. ಕಾಂಚನಾ ಅವನೊಬ್ಬನಿಗೇ ಬೇರೆ ಬರೆದಳು: "ನಿಮ್ಮದೇನ ತಪ್ಪೈತ್ರಿ ಅಣ್ಣಾರ. ಇವತ್ತ ನಿಮ್ಮ ಹಬ್ಬಂತ ಅಂಗಡ್ಯಾಗ ಎರಡ ದೀಪಾ ಹಚ್ಚೇನಿ. ಒಂದ ನಮ್ಮಾಕಿದು, ಒಂದ ನಿಮ್ಮ ಕೂಸಿಂದು."

ಭರತೇಶ ಅಂಗಿ ಹಾಕಿಕೊಂಡು ಹೊರಗೆ ಬಿದ್ದ. ಲೂಮು ನಡೆಸುವ ಹುಡುಗಿಯರು "ಮಾಲಕರು ಎಲ್ಲಿಗೆ ಹೊರಟರು?" ಎಂದು ಕೈಸನ್ನೆಯಲ್ಲಿ ಕೇಳಿದರು. ಅವನು ನೋಡಲಿಲ್ಲ. ಜಮಖಂಡಿಯ ಬಸ್ಸು ನಿಂತೇ ಇತ್ತು. ದಾರಿಯುದ್ದಕ್ಕೂ ಆಡಬೇಕಾದ ಮಾತನ್ನು ಬಾಯಲ್ಲೇ ಕಟ್ಟಿದ, ಒಂದೂ ನೆಟ್ಟಗೆ ಕೂಡಲಿಲ್ಲ.

ಕಾಂಚನಾ ಆಟದ ನಡುವೆ ಹೇಳುತ್ತಿದ್ದ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಕೇಳಿದ ಕೂಡಲೇ ಅಂಗಡಿ ತೋರಿಸಿದರು. ಇಕ್ಕಟ್ಟಿನ ಜಾಗ, ಒಂದು ಹೊಲಿಗೆ ಯಂತ್ರ, ಗೋಡೆಯ ತುಂಬ ನೇತುಹಾಕಿದ ಬ್ಲೌಸುಗಳು. ಮೂವತ್ತೈದರ ಆಸುಪಾಸಿನ ಹೆಂಗಸು ಕೊರಳಿಗೆ ಅಳತೆಯ ಟೇಪು ಹಾಕಿಕೊಂಡು ಫಾಲು ಹಚ್ಚುತ್ತಿದ್ದಳು. ಹಲಗೆಯ ಮೇಲೆ ಎರಡು ಸಣ್ಣ ಹಣತೆ ಉರಿಯುತ್ತಿದ್ದವು.

"ಯಾರ್ರೀ? ಗಂಡಸರ್ದು ಹೊಲಿಯಾಂಗಿಲ್ರಿ ಇಲ್ಲೆ."

"ನಾನ್ರಿ ಅಕ್ಕಾರ. ಮೌನಿ."

ಅವಳು ಎದ್ದು ನಿಂತಳು. ಸೀರೆ ಮಡಿಲಿಂದ ಜಾರಿತು. "ಅಣ್ಣಾರ! ನಿಮಗ ಮಾತ ಬರ್ತಾವ? ನಾವು ಮೂರೂ ಮಂದಿ ನಿಮಗ ಮಾತ ಬರಾಂಗಿಲ್ಲಂತ ತಿಳಿದಿದ್ವಿ. ನೋವಾದೀತಂತ ಕೇಳಿದ್ದಿಲ್ರಿ." ಸ್ಟೂಲು ಒರೆಸಿ ಕೊಟ್ಟಳು, ತಂಬಿಗೆಯಲ್ಲಿ ನೀರು ಕೊಟ್ಟಳು. ಅವನು ಕುಡಿಯಲಿಲ್ಲ. ತಂಬಿಗೆ ಕೈಯಲ್ಲಿ ಹಿಡಿದುಕೊಂಡೇ ಹೇಳಿದ.

"ಮಗ ಅಲ್ರಿ. ಮಗ್ಗ."

"ಏನಂದ್ರಿ?"

"ಮಗ್ಗರೀ. ಅಪ್ಪನ ಕುಣಿಮಗ್ಗ. ಅದನ್ನ ಬಿಚ್ಚಿ ಕುಣಿ ಮುಚ್ಚಿಸಿದೆ. ಬರಿಯಾಕ ಹೋಗಿ ಒಂದ ಅಕ್ಷರ ಬಿಟ್ಟೆ. ಅವತ್ತ ಹೇಳಬೇಕಂದ್ರ ನೀವು ಅಳಾಕತ್ತಿದ್ರಿ. ಆಮ್ಯಾಲ ನನಗ ಬಾಯಿ ಬರಲಿಲ್ಲ. ತಪ್ಪಾತ್ರಿ. ಇವತ್ತಿನ ದಿನ ಬಂದು ಕಾಲ ಹಿಡದ್ರೂ ಕಡಿಮಿನ."

ಅವಳು ಅವನ ಮುಖವನ್ನೇ ನೋಡಿದಳು. ಬೈದರೆ ಬೈಯಲಿ ಎಂದು ಅವನು ತಲೆ ತಗ್ಗಿಸಿ ಕೂತ.

"ಹಂಗಾದ್ರ ನಿಮ್ಮ ಮಗ?"

"ಅದಾನ್ರಿ. ಒಬ್ಬನ ಮಗ. ಯಶ ಅಂತ."

"ಅದಾನ? ಖರೇನ ಅದಾನ?"

"ಹೂಂನ್ರಿ."

"ಏನೂ ಆಗಿಲ್ಲ ಅಂವಗ? ಛಲೋ ಅದಾನ?" ಅವಳು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಕಣ್ಣಲ್ಲಿ ನೀರು ಬಂತು, ನಗುವೂ ಬಂತು. ಅವಳು ಸಿಟ್ಟಾಗುತ್ತಾಳೆ, ಅವಮಾನದಿಂದ ಕುಗ್ಗುತ್ತಾಳೆ, ಹೊರಗೆ ಹೋಗು ಎನ್ನುತ್ತಾಳೆ ಎಂದೆಲ್ಲ ಅವನು ಬಸ್ಸಿನಲ್ಲಿ ಅಂದುಕೊಂಡಿದ್ದ. ಸತ್ತಿದ್ದ ಕೂಸು ಬದುಕಿದೆ ಎಂದು ಕೇಳಿದ ತಾಯಿಗೆ ಮೊದಲು ಖುಷಿಯಾಗುತ್ತದೆ ಎಂಬ ಸಾದಾ ಮಾತು ಇಪ್ಪತ್ತು ದಿನದಲ್ಲಿ ಒಮ್ಮೆಯೂ ಅವನ ತಲೆಗೆ ಹೊಳೆದಿರಲಿಲ್ಲ. ಅವನಿಗೆ ತನ್ನ ಬಗ್ಗೆಯೇ ನಾಚಿಕೆಯಾಯಿತು.

ಅವಳು ದೀಪದ ಹತ್ತಿರ ಹೋಗಿ, ಒಂದು ಹಣತೆಯನ್ನು ಸೆರಗಿನ ಗಾಳಿಯಿಂದ ಶಾಂತ ಮಾಡಿದಳು. ತಿರುಗಿದಾಗ ನಗು ಇಳಿದಿತ್ತು.

"ಇಷ್ಟ ದಿನ ಯಾಕ ಸುಮ್ಮನಿದ್ರಿ ಅಣ್ಣಾರ? ದಿನಾ ನಿಮ್ಮ ಕೂಸಿನ ಸಲುವಾಗಿ ಅತ್ತೇನಿ. ನಮ್ಮಾಕಿ ಸಲುವಾಗಿ ಅಷ್ಟ ಅಳಾಕ ಆಗಿದ್ದಿಲ್ಲ." ಯಂತ್ರದ ಮುಂದೆ ಕೂತಳು. "ಅಂದ್ರ ಇನ್ನ ನಾಲ್ವರಾಗ ನಾ ಒಬ್ಬಾಕಿನ ಆದ್ನಲ್ರಿ."

ಭರತೇಶ ತಂಬಿಗೆ ಕೆಳಗಿಟ್ಟ. ಇಲ್ಲ ಎನ್ನುವಂತಿರಲಿಲ್ಲ. ಅವಳು ಸೀರೆಯ ಅಂಚನ್ನು ಕೈಯಲ್ಲಿ ತಿಕ್ಕುತ್ತಿದ್ದವಳು ತಟ್ಟನೆ ಕೇಳಿದಳು. "ಅಂವನ ಕೂಡ ಮಾತಾಡಲೇನ್ರಿ? ಸಾಲಿ ಬಿಟ್ಟಿರಬೇಕಲ್ಲ."

ಅವನು ಹೀರಾಳ ಫೋನಿಗೆ ಹಚ್ಚಿ, ಸ್ಪೀಕರ್ ಹಾಕಿ ಹಲಗೆಯ ಮೇಲೆ ಹಿಡಿದ. ಯಶನೇ ಎತ್ತಿದ. ಬಾಯಲ್ಲಿ ಏನೋ ಇತ್ತು.

"ಹಲೋ ಪಪ್ಪಾ, ಎಲ್ಲಿ ಹೋಗೀರಿ? ಮಮ್ಮಿ ಕೇಳಾಕತ್ಯಾಳ."

"ಪಪ್ಪಾ ಅಲ್ಲಪಾ, ನಾನು. ಜಮಖಂಡಿ ಅತ್ತಿ. ಏನ್ ತಿನ್ನಾಕತ್ತೀ?"

"ಚುರಮರಿ ರೀ. ನೀವು ಪಪ್ಪಾನ ಗೇಮಿನ ಅತ್ತಿ ಏನ್ರಿ?"

"ಹೂಂನಪಾ. ಎಷ್ಟನೇತ್ತಾ ನೀನು?"

"ಆರನೇತ್ತಾ."

ಕಾಂಚನಾ ಬೆರಳಲ್ಲಿ ಏನೋ ಎಣಿಸಿದಳು. "ನಮ್ಮಾಕೀನೂ ಆರನೇತ್ತಾನ," ಎಂದಳು.

ಭರತೇಶ ತಲೆ ಎತ್ತಿದ. ಅವಳು ಅವನ ಕಡೆ ನೋಡಲಿಲ್ಲ, ಫೋನಿನ ಕಡೆಗೇ ನೋಡುತ್ತಿದ್ದಳು.

"ಹೆಸರೇನ್ರಿ ಆಕಿದು?"

"ವೈಶಾಲಿ."

"ಶಾಣ್ಯಾ ಅದಾಳೇನ್ರಿ?"

"ಲೆಕ್ಕದಾಗ ಭಾಳ ಶಾಣ್ಯಾ ಪಾ. ಬರಿಯಾಕ ಮಾತ್ರ ಮೈಗಳ್ಳಿ. ಬಾಯಿಲೆ ಹೇಳ್ತೇನಿ ಅಂತಾಳ, ಬರಿ ಅಂದ್ರ ಓಡ್ತಾಳ."

"ನಾನೂ ಹಂಗ ರೀ!" ಹುಡುಗ ಖುಷಿಯಿಂದ ಕಿರುಚಿದ. "ಆಕಿ ಕಡೆ ಕೊಡ್ರಿ ಫೋನು, ಹದಿನೇಳರ ಮಗ್ಗಿ ಕೇಳ್ತೇನಿ. ಮನ್ಯಾಗ ಅದಾಳೇನ್ರಿ?"

ಭರತೇಶ ಫೋನು ಕತ್ತರಿಸಲು ಬೆರಳು ಚಾಚಿದ. ಕಾಂಚನಾ ಬೇಡ ಎಂಬಂತೆ ಅವನಿಗೆ ಕೈ ಮಾಡಿದಳು.

"ಇಲ್ಲಪಾ," ಎಂದಳು. "ಆಡಾಕ ಹೋಗ್ಯಾಳ. ಇನ್ನೂ ಬಂದಿಲ್ಲ."

"ಬಂದ ಮ್ಯಾಲ ಹೇಳ್ರಿ, ಯಶ ಫೋನ್ ಮಾಡಿದ್ದಾ ಅಂತ."

"ಹೇಳ್ತೇನಪಾ," ಎಂದಳು ಕಾಂಚನಾ. ಆಮೇಲೆ ಹುಡುಗ ತನ್ನ ಶಾಲೆಯ ಸುದ್ದಿ ಹೇಳತೊಡಗಿದ. ಅವಳು ಹೂಂ ಎನ್ನುತ್ತ ಕೇಳಿದಳು. ಭರತೇಶ ಫೋನನ್ನು ಹಾಗೇ ಹಿಡಿದುಕೊಂಡು ಕೂತ.